ಮಳೆಗಾಲದಲ್ಲಿ ಡಿಬಿ (ಮನೆಗೆ ಕರೆಂಟ್ ಹಂಚುವ ಸ್ವಿಚ್ ಡಬ್ಬಿ) ಒಳಗೆ ನೀರಿನ ಹನಿ, ಗಟಾರದ ವಾಸನೆ. ನೆಲದಡಿ ಪೈಪಿನ ಬಾಯಿ ಮುಚ್ಚುವುದು ಹೇಗೆ?

ಕಡಲತಡಿ (ಕಾರವಾರ):
ನಮಸ್ಕಾರ. ಮನೆ ಸದಾಶಿವಗಡದ ಹತ್ತಿರ. ಕಾಂಪೌಂಡಿನ ಮೀಟರ್ ಬೋರ್ಡಿನಿಂದ ಒಳಗಿನ ಡಿಬಿಗೆ ಕೇಬಲ್ ಬಂದಿರುವುದು ನೆಲದಡಿಯ 2 ಇಂಚಿನ ಪಿವಿಸಿ ಪೈಪಿನಲ್ಲಿ. ಜೂನ್ ಬಂತೆಂದರೆ ಡಿಬಿ ಮುಚ್ಚಳದ ಒಳಮೈ ತುಂಬಾ ಹನಿ. ಸ್ಕ್ರೂಗಳಿಗೆಲ್ಲ ತುಕ್ಕು. ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ ಸ್ವಿಚ್) ಆಗಾಗ ಬೀಳುತ್ತದೆ. ಬಾಗಿಲು ತೆಗೆದರೆ ಗಟಾರದ ವಾಸನೆ ಬೇರೆ. ಪೈಪಿನ ಬಾಯಿಗೆ ಸಿಲಿಕಾನ್ ಹಾಕಿದರೆ ಸಾಕಾ?

ಘಟ್ಟದ ವೈರಿಂಗ್ (ಶಿರಸಿ):
ಮೊದಲು ನೀರು ಹರಿದು ಬರುತ್ತಿದೆಯಾ, ಆವಿಯಾಗಿ ಬರುತ್ತಿದೆಯಾ ನೋಡಿ. ಪೈಪಿನ ಬಾಯಲ್ಲಿ ನೀರಿನ ಗೆರೆ, ಕೆಸರಿನ ಕಲೆ ಇದ್ದರೆ ಹರಿದು ಬಂದದ್ದು. ಹನಿ ಮುಚ್ಚಳದ ಮೇಲೆ ಮಾತ್ರ ಇದ್ದರೆ ಆವಿ. ಡಿಬಿ ಇರುವುದು ಎಸಿ ರೂಮಿನ ಗೋಡೆಯಲ್ಲಾ?

ಕಡಲತಡಿ:
ಹೌದು, ಎಸಿ ರೂಮಿನ ಗೋಡೆಯೇ. ಕೆಸರಿನ ಕಲೆ ಇಲ್ಲ. ಸೆಪ್ಟಿಕ್ ಟ್ಯಾಂಕ್ ಪೈಪಿನ ಪಕ್ಕದಲ್ಲೇ ಇದೆ.

ಘಟ್ಟದ ವೈರಿಂಗ್:
ಹಾಗಾದರೆ ಪೈಪಿನ ಬಿಸಿ, ಒದ್ದೆ ಗಾಳಿ ಮೇಲೆ ಬಂದು ತಣ್ಣನೆಯ ಡಬ್ಬಿ ಮುಟ್ಟಿ ನೀರಾಗುತ್ತಿದೆ. ಅದೇ ದಾರಿಯಲ್ಲಿ ವಾಸನೆಯೂ. ಅರ್ತಿಂಗ್‌ನ ಬರಿ ತಾಮ್ರ ನೋಡಿ. ಹಸಿರು ಕಟ್ಟಿದ್ದರೆ ತೇವ, ಉಪ್ಪುಗಾಳಿ. ಕಪ್ಪಾಗಿದ್ದರೆ ಹೈಡ್ರೋಜನ್ ಸಲ್ಫೈಡ್ ಇರಬಹುದು, ಸೆಪ್ಟಿಕ್ ಟ್ಯಾಂಕಿನ ಅನಿಲ ಅದು. ಅಲ್ಲಿಂದ ಮೀಥೇನ್ ಕೂಡ ಬರುತ್ತದೆ, ಕಿಡಿ ಹಾರುವ ಡಬ್ಬಿಗೆ ಅದು ಬರಲೇಬಾರದು. ಟ್ಯಾಂಕಿನ ಗಾಳಿ ಪೈಪ್ ಕಟ್ಟಿಕೊಂಡಿದೆಯಾ, ಟ್ಯಾಂಕ್ ಬಿರುಕು ಬಿಟ್ಟಿದೆಯಾ ಎಂದೂ ನೋಡಿಸಿ.

ಮುಚ್ಚಲು ಡಕ್ಟ್ ಸೀಲ್ ಪುಟ್ಟಿ ತನ್ನಿ. ಅದು ಗಟ್ಟಿಯಾಗುವುದಿಲ್ಲ, ನಾಳೆ ಕೇಬಲ್ ಬದಲಿಸಬೇಕಾದರೆ ಕಿತ್ತು ತೆಗೆಯಬಹುದು. ಸಿಲಿಕಾನ್ ತೆಗೆಯುವುದು ಕಷ್ಟ, ಎಂ-ಸೀಲ್ ಅಂತೂ ಕಲ್ಲಾಗುತ್ತದೆ. ಬಾಯನ್ನು ಒಣಬಟ್ಟೆಯಿಂದ ಒರೆಸಿ. ವೈರುಗಳು ಒಂದಕ್ಕೊಂದು ಅಂಟಿದ್ದರೆ ಬಿಡಿಸಿ, ಒಂದೊಂದರ ಸುತ್ತಲೂ ಪುಟ್ಟಿ ಒತ್ತಿ. ನಡುವಿನ ಸಂದಿ ಉಳಿದರೆ ಗಾಳಿಗೆ ಅಷ್ಟೇ ಸಾಕು. ಮೀಟರ್ ಕಡೆಯ ಬಾಯಿಗೂ ಹೀಗೇ ಮಾಡಿ.

ಒಂದು ಮಾತು, ಡಿಬಿಯ ಮೇನ್ ಇಳಿಸಿದರೂ ಒಳಬರುವ ಕೇಬಲ್‌ನಲ್ಲಿ ಕರೆಂಟ್ ಇರುತ್ತದೆ. ಮೀಟರ್ ಹತ್ತಿರದ ಕಟೌಟ್ (ಫ್ಯೂಸ್) ತೆಗೆಸಿ, ಟೆಸ್ಟರ್ ಹಚ್ಚಿ ನೋಡಿದ ಮೇಲೆಯೇ ಕೈ ಹಾಕಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನೇ ಕರೆಯಿರಿ, ದಯವಿಟ್ಟು.

ಕಡಲತಡಿ:
ಪೈಪಿನ ತಗ್ಗಿನಲ್ಲಿ ತೂತು ಕೊರೆದು ಜಲ್ಲಿ ತುಂಬಿ, ನೀರು ಇಂಗುತ್ತದೆ ಎಂದು ಒಬ್ಬರು ಹೇಳಿದರು. ಮಾಡಬಹುದಾ?

ಘಟ್ಟದ ವೈರಿಂಗ್:
ನಮ್ಮ ಕಡೆ ಚಿರೆಕಲ್ಲಿನ ದಿಬ್ಬದ ಮೇಲೆ ಅದು ನಡೆಯುತ್ತದೆ. ಕಡಲ ಪಕ್ಕದಲ್ಲಿ ಬೇಡ. ಜುಲೈನಲ್ಲಿ ನಿಮ್ಮ ಬಾವಿಯ ನೀರು ಎಲ್ಲಿರುತ್ತದೆ ನೋಡಿ, ಕೈಗೇ ಸಿಗುವಷ್ಟು ಮೇಲಿರುತ್ತದೆ ಅಲ್ವಾ? ಆಗ ಆ ತೂತಿನಿಂದಲೇ ನೀರು ಒಳಗೆ ಬರುತ್ತದೆ. ಬಾಯಿ ಮುಚ್ಚಿದರೂ ಒಳಗೆ ತೇವ ಇದ್ದೇ ಇರುತ್ತದೆ, ಹಾಗಾಗಿ ಮನೆಯೊಳಗಿನ ಸಾದಾ ವೈರ್ ಎಳೆದಿದ್ದರೆ ಬದಲಿಸಿ, ನೆಲದಡಿಗೆಂದೇ ಇರುವ ಆರ್ಮರ್ಡ್ (ಲೋಹದ ಕವಚದ) ಕೇಬಲ್ ಹಾಕಿಸಿ. ಮುಂದೆ ನೀರು ಹರಿದೇ ಬಂದರೆ ಪುಟ್ಟಿ ಅದರ ಒತ್ತಡ ತಡೆಯುವುದಿಲ್ಲ. ಬೋಲ್ಟ್ ಬಿಗಿದಾಗ ಉಬ್ಬಿ ಕೂರುವ ರಬ್ಬರ್ ಸೀಲ್ ಬೇಕಾಗುತ್ತದೆ.

ಆರ್‌ಸಿಸಿಬಿ ವಿಷಯ ಬೇರೆ. ಅದು ತನ್ನಿಂದ ಮುಂದಿನ ಲೀಕೇಜ್ ಮಾತ್ರ ನೋಡುತ್ತದೆ, ಮೀಟರ್ ಕಡೆಯ ಕೇಬಲ್ ಒದ್ದೆಯಾದರೆ ಬೀಳುವುದಿಲ್ಲ. ಡಿಬಿ ಒಣಗಿದ ಮೇಲೂ ಬೀಳುತ್ತಿದ್ದರೆ ಗೇಟ್ ಲೈಟ್, ಬಾವಿ ಪಂಪಿನ ವೈರ್ ಒಂದೊಂದಾಗಿ ಬಿಡಿಸಿ ನೋಡಿಸಿ. ಅಲ್ಲಿಯವರೆಗೆ ಅದನ್ನು ಬೈಪಾಸ್ ಮಾತ್ರ ಮಾಡಬೇಡಿ.