ಸೆಲ್ಫ್ ಡ್ರೈವ್ ಕಾರಿನಲ್ಲಿ ಕೊಡಗು ಸುತ್ತುವಾಗ ಇನ್ಶೂರೆನ್ಸ್ ಎಲ್ಲಿಯವರೆಗೆ ಕೈಹಿಡಿಯುತ್ತದೆ?

ಗೋಣಿಕೊಪ್ಪ_ಓದುಗ (ಪ್ರಶ್ನೆ)

ಮೈಸೂರಿನಲ್ಲಿ ಸೆಲ್ಫ್ ಡ್ರೈವ್ ಕಾರು ತಗೊಂಡು ಜುಲೈ ಕೊನೆಯಲ್ಲಿ ಕೊಡಗಿನಲ್ಲಿ ಓಡಾಡಬೇಕಿದೆ. ಕುಶಾಲನಗರ, ಮಡಿಕೇರಿ, ಮಾಂದಲಪಟ್ಟಿ, ಭಾಗಮಂಡಲ, ಕೊನೆಗೆ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಕಡೆಗೂ ಹೋಗಿಬರುವುದು. "ಫುಲ್ ಇನ್ಶೂರೆನ್ಸ್ ಇದೆ" ಅಂತ ಬಾಡಿಗೆಯವರು ಹೇಳುತ್ತಾರೆ. ಅವರೇ ಕಳಿಸಿದ ಅಗ್ರಿಮೆಂಟಿನಲ್ಲಿ ಮಾತ್ರ, ಗಾಡಿಗೆ ಏನಾದರೂ ಆದರೆ 25,000 ರೂಪಾಯಿವರೆಗೆ ನಾವೇ ಕೊಡಬೇಕು, ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ ಬೇರೆ ಕೊಡಬೇಕು ಅಂತಿದೆ. ಇನ್ಶೂರೆನ್ಸ್ ಇದ್ದ ಮೇಲೆ ಇದೆಲ್ಲ ಯಾಕೆ? ಮಳೆಗಾಲ ಬೇರೆ. ಮರ ಬಿದ್ದರೆ, ಇಂಜಿನ್ನಿಗೆ ನೀರು ಹೋದರೆ, ಆನೆ ಎದುರಾದರೆ ಯಾರು ಹೊಣೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕ್ಲೇಮ್_ಕಡತ

ಇಲ್ಲಿ ಎರಡು ಬೇರೆ ಕಾಗದಗಳಿವೆ. ಪಾಲಿಸಿ ಆಗಿರುವುದು ವಿಮಾ ಕಂಪನಿ ಮತ್ತು ಕಾರಿನ ಮಾಲೀಕರ ನಡುವೆ. ಅಗ್ರಿಮೆಂಟು ಆಗುವುದು ಮಾಲೀಕರು ಮತ್ತು ನಿಮ್ಮ ನಡುವೆ. ವಿಮಾ ಕಂಪನಿ ದುಡ್ಡು ಕೊಡುವುದು ಮಾಲೀಕರಿಗೆ. ಅವರು ನಿಮ್ಮಿಂದ ಎಷ್ಟು ಕೇಳಬಹುದು ಅನ್ನುವುದನ್ನು ನೀವು ಸಹಿ ಹಾಕುವ ಅಗ್ರಿಮೆಂಟು ತೀರ್ಮಾನಿಸುತ್ತದೆ. ಆದ್ದರಿಂದ "ಫುಲ್ ಇನ್ಶೂರೆನ್ಸ್" ಅನ್ನುವ ಮಾತನ್ನು ಬಿಟ್ಟು ಎರಡೂ ಕಾಗದವನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಓದಿ.

ಎಲ್ಲಕ್ಕಿಂತ ಮೊದಲು ನಂಬರ್ ಪ್ಲೇಟ್ ನೋಡಿ. ಬಾಡಿಗೆಗೆ ಕೊಡಲು ಪರವಾನಗಿ ಇರುವ ಸೆಲ್ಫ್ ಡ್ರೈವ್ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಪ್ಲೇಟಿನ ಸ್ವಂತ ಕಾರನ್ನು ಬಾಡಿಗೆಗೆ ಕೊಡುವವರು ಬಹಳ ಜನ ಇದ್ದಾರೆ. ದರ ಕಡಿಮೆ ಇರುತ್ತದೆ ನಿಜ, ಆದರೆ ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಸುವಂತಿಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಅಪಘಾತವಾದಾಗ ಗಾಡಿ ಬಾಡಿಗೆಗೆ ಹೋಗಿತ್ತು ಅಂತ ಗೊತ್ತಾದರೆ ಗಾಡಿ ಹಾನಿಯ ಕ್ಲೇಮು ತಿರಸ್ಕಾರ ಆಗಬಹುದು. ಥರ್ಡ್ ಪಾರ್ಟಿಗೆ, ಅಂದರೆ ಅಪಘಾತದಲ್ಲಿ ನಷ್ಟವಾದ ಹೊರಗಿನವರಿಗೆ, ಕೋರ್ಟು ವಿಮಾ ಕಂಪನಿಯಿಂದಲೇ ಪರಿಹಾರ ಕೊಡಿಸಬಹುದು. ಕೊಟ್ಟ ಕಂಪನಿ ಅದನ್ನು ಮಾಲೀಕರಿಂದ ವಸೂಲಿಗೆ ಹೊರಟರೆ, ಮಾಲೀಕರು ನಿಮ್ಮ ಹಿಂದೆ ಬರುತ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬಿಳಿ ಪ್ಲೇಟಿನ ಕಾರು ಬೇಡ.

ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ವಾಹನದ ವರ್ಗ, ಇನ್ಶೂರೆನ್ಸ್ ಮತ್ತು ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಯಾವಾಗ ಮುಗಿಯುತ್ತದೆ ಎಂಬುದೆಲ್ಲ ಕಾಣುತ್ತದೆ. ಆದರೆ ಇರುವುದು ಬರೀ ಥರ್ಡ್ ಪಾರ್ಟಿಯೋ, ಗಾಡಿ ಹಾನಿಗೂ ಸೇರಿದ್ದೋ ಅನ್ನುವುದಕ್ಕೆ ಪಾಲಿಸಿ ಪ್ರತಿಯೇ ಬೇಕು. ಪ್ರೀಮಿಯಂ ಪಟ್ಟಿಯಲ್ಲಿ ಓನ್ ಡ್ಯಾಮೇಜ್ ಅನ್ನುವ ಭಾಗಕ್ಕೆ ಮೊತ್ತ ಕಟ್ಟಿರಬೇಕು. ಅದು ಸೊನ್ನೆಯಾಗಿದ್ದರೆ ಕಾರಿಗೆ ಆದ ಹಾನಿಗೆ ಒಂದು ಪೈಸೆಯೂ ಬರುವುದಿಲ್ಲ. ಜೊತೆಗೆ ಎಂಡೋರ್ಸ್‌ಮೆಂಟ್ ಸಾಲಿನಲ್ಲಿ ಐಎಂಟಿ 35 ಇದೆಯಾ ಹುಡುಕಿ. ಬಾಡಿಗೆಗೆ ಪಡೆದವರೇ ಓಡಿಸುವ ವಾಹನಕ್ಕೆ ಅಂತಲೇ ಇರುವ ಷರತ್ತು ಅದು.

ಈಗ 25,000ದ ವಿಷಯ. ಗಾಡಿ ಹಾನಿಗೂ ಸೇರಿದ ಫಸ್ಟ್ ಪಾರ್ಟಿ ಪಾಲಿಸಿಯೂ ಪೂರ್ತಿ ಬಿಲ್ ಕೊಡುವುದಿಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಮತ್ತು ಬ್ಯಾಟರಿಗೆ 50 ಶೇಕಡಾ ಸವಕಳಿ ಕಳೆಯುತ್ತಾರೆ, ಫೈಬರ್ ಗ್ಲಾಸಿಗೆ 30. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ: 1ರಿಂದ 2 ವರ್ಷಕ್ಕೆ 10 ಶೇಕಡಾ, 3ರಿಂದ 4ಕ್ಕೆ 25, 5ರಿಂದ 10ಕ್ಕೆ 40. ಮೂರೂವರೆ ವರ್ಷದ ಕಾರು ಅಂದುಕೊಳ್ಳಿ. ಬಂಪರ್ 8,000, ಬಾನೆಟ್ 10,000, ಮುಂದಿನ ಗಾಜು 6,000. ಬಂಪರಿನಲ್ಲಿ 4,000, ಬಾನೆಟಿನಲ್ಲಿ 2,500 ಕಡಿತ, ಗಾಜಿನಲ್ಲಿ ಏನೂ ಇಲ್ಲ. ಒಟ್ಟು 6,500, ಅದರ ಮೇಲೆ ಪಾಲಿಸಿಯಲ್ಲಿ ಬರೆದ ಕಂಪಲ್ಸರಿ ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಭರಿಸಬೇಕಾದ ಮೊತ್ತ. ಕ್ಲೇಮು ಮಾಡಿದರೆ ಮಾಲೀಕರ ನೋ ಕ್ಲೇಮ್ ಬೋನಸ್ಸೂ (ಕ್ಲೇಮು ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಗಾಡಿ ನಿಂತ ದಿನಗಳ ಆದಾಯವನ್ನು ಮಾಮೂಲಿ ಪಾಲಿಸಿ ಕೊಡುವುದಿಲ್ಲ. ಈ ಕೊರತೆಯನ್ನೆಲ್ಲ ಬಾಡಿಗೆಯವರು ಮಿತಿ ಹಾಕಿ ನಿಮ್ಮ ಮೇಲೆ ಹೊರಿಸಿದ್ದಾರೆ. ಬಂಪರ್ ಟು ಬಂಪರ್, ಅಂದರೆ ಝೀರೋ ಡೆಪ್, ಇದ್ದರೆ ಸವಕಳಿಯ ಕಡಿತ ಹೆಚ್ಚುಕಡಿಮೆ ಇರುವುದಿಲ್ಲ. ಅದು ಇದ್ದೂ 25,000 ಕೇಳುತ್ತಿದ್ದರೆ ಚೌಕಾಸಿ ಮಾಡಿ. ಗ್ಯಾರೇಜ್ ದಿನಗಳಿಗೂ ಇಂತಿಷ್ಟೇ ದಿನ ಅಂತ ಬರೆಸಿಕೊಳ್ಳಿ, ಇಲ್ಲದಿದ್ದರೆ ಬಿಡಿಭಾಗ ಬರುವುದು ತಡವಾದಷ್ಟೂ ನಿಮ್ಮ ಲೆಕ್ಕ ಏರುತ್ತದೆ.

ಸಂಪಾಜೆ_ವರ್ಕ್‌ಶಾಪ್

ಮೇಲಿನವರು ಹೇಳಿದ್ದು ಸರಿ. ಮಳೆಗಾಲದ ಭಾಗ ನಾನು ಸೇರಿಸುತ್ತೇನೆ.

ಮರ ಬೀಳುವುದು, ಗುಡ್ಡ ಕುಸಿಯುವುದು, ಪ್ರವಾಹ, ಆನೆ ಗುದ್ದುವುದು ಎಲ್ಲವೂ ಓನ್ ಡ್ಯಾಮೇಜಿನಲ್ಲಿ ಬರುತ್ತವೆ. ಮರ ತೆರವು ಮಾಡುವ ಮೊದಲೇ, ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೋ ತೆಗೆಯಿರಿ. ಆನೆಯಾದರೆ ಮೊದಲು ದೂರ ಹೋಗಿ, ಆಮೇಲೆ ಅರಣ್ಯ ಇಲಾಖೆಗೂ ಠಾಣೆಗೂ ತಿಳಿಸಿ ಬರಹದಲ್ಲಿ ಸ್ವೀಕೃತಿ ತಗೊಳ್ಳಿ.

ಜಗಳ ಆಗುವುದು ನೀರಿನಲ್ಲಿ. ಭಾಗಮಂಡಲ–ನಾಪೋಕ್ಲು ರಸ್ತೆಯಲ್ಲಿ ಜೋರು ಮಳೆಗೆ ನೀರು ನಿಲ್ಲುತ್ತದೆ. ಇಂಜಿನ್ ನೀರಿನಲ್ಲಿ ಆಫ್ ಆದರೆ ಯಾವ ಕಾರಣಕ್ಕೂ ಮತ್ತೆ ಸೆಲ್ಫ್ ಹೊಡೆಯಬೇಡಿ. ಗಾಳಿಯ ದಾರಿಯಲ್ಲಿ ಸಿಲಿಂಡರಿಗೆ ನೀರು ಸೇರಿರುತ್ತದೆ. ನೀರು ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ಪಿಸ್ಟನ್ ಮೇಲೆ ಬಂದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಟಾರ್ಟ್ ಮಾಡಿದ್ದರಿಂದ ಆದ ಈ ಹಾನಿಯನ್ನು ಆನಂತರದ ನಷ್ಟ ಅಂತ ಹೇಳಿ ಮಾಮೂಲಿ ಪಾಲಿಸಿಯಲ್ಲಿ ತಳ್ಳಿಹಾಕುತ್ತಾರೆ. ಇಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಇದ್ದರೆ ಮಾತು ಬೇರೆ. ನ್ಯೂಟ್ರಲ್‌ಗೆ ಹಾಕಿ ತಳ್ಳಿ ಆಚೆ ತನ್ನಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ನೀರು ಎಲ್ಲಿವರೆಗೆ ಬಂದಿತ್ತು ಅನ್ನುವ ಗುರುತಿನ ಫೋಟೋ ತೆಗೆದು ಟೋಯಿಂಗಿಗೆ ಹೇಳಿ.

ಮಾಂದಲಪಟ್ಟಿಗೆ ಬಾಡಿಗೆ ಕಾರು ಬೇಡವೇ ಬೇಡ, ಮಡಿಕೇರಿಯಿಂದ ಜೀಪು ಮಾಡಿ. ಆಫ್ ರೋಡ್ ಓಡಿಸಿದರೆ ಹಾನಿಯ ಮಿತಿ ಅನ್ವಯಿಸುವುದಿಲ್ಲ, ಪೂರ್ತಿ ನಿಮ್ಮದೇ ಅನ್ನುವ ಸಾಲು ಅಗ್ರಿಮೆಂಟುಗಳಲ್ಲಿ ಸಾಮಾನ್ಯ. ಕಲ್ಲು ತಾಗಿ ಆಯಿಲ್ ಸಂಪ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಒಡೆದರೆ ಆ ತೊಟ್ಟಿಗೆ ಕ್ಲೇಮು ಬರುತ್ತದೆ. ಕೆಂಪು ಆಯಿಲ್ ಲೈಟ್ ಹತ್ತಿದ ಮೇಲೂ ಓಡಿಸಿ ಇಂಜಿನ್ ಸೀಜ್ ಆದರೆ ಅದಕ್ಕೆ ಬರುವುದಿಲ್ಲ. ಬರೀ ಟೈರ್ ಕತ್ತರಿಸಿಕೊಂಡರೂ ಇಲ್ಲ. ಗಾಡಿಗೂ ಅದೇ ಹೊತ್ತಿಗೆ ಪೆಟ್ಟಾಗಿದ್ದರೆ ಮಾತ್ರ ಟೈರಿನ ಅರ್ಧ ಬೆಲೆ.

ಮಾಕುಟ್ಟ ಇಳಿಯುವುದಕ್ಕೆ ಪಾಲಿಸಿ ಅಡ್ಡಿಯಾಗುವುದಿಲ್ಲ, ಅದು ದೇಶವಿಡೀ ನಡೆಯುತ್ತದೆ. ಆದರೆ ಕೇರಳಕ್ಕೆ ಹೋಗುವ ಬಗ್ಗೆ ಬಾಡಿಗೆಯವರ ಒಪ್ಪಿಗೆ ಬರಹದಲ್ಲಿ ಇರಲಿ, ಪರ್ಮಿಟ್ ಪ್ರತಿ ಗಾಡಿಯಲ್ಲಿರಲಿ.

ಗೋಣಿಕೊಪ್ಪ_ಓದುಗ

ತುಂಬಾ ಉಪಕಾರ ಆಯ್ತು ಇಬ್ಬರಿಗೂ. ಇನ್ನೆರಡು ಕೇಳಬೇಕು. ಓಡಿಸುವ ನನಗೇ ಪೆಟ್ಟಾದರೆ? ಅಪಘಾತ ಆದ ತಕ್ಷಣ ಏನು ಮಾಡಬೇಕು?

ಕ್ಲೇಮ್_ಕಡತ

ನಿಮಗೆ ಪೆಟ್ಟಾದರೆ ಈ ಪಾಲಿಸಿಯನ್ನು ನಂಬಬೇಡಿ. 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇರುವುದು ಮಾಲೀಕರೇ ಚಾಲಕರಾಗಿದ್ದಾಗ. ಥರ್ಡ್ ಪಾರ್ಟಿ ವಿಮೆಯಲ್ಲೂ ನೀವು ಬರುವುದು ಕಷ್ಟ: ಬೇರೆಯವರ ಗಾಡಿಯನ್ನು ಕೇಳಿ ಪಡೆದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಲ್ಲುತ್ತಾರೆ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ನಿಮ್ಮ ಹೆಸರಿನಲ್ಲೇ ಒಂದು ಅಪಘಾತ ವಿಮೆ ಇರಲಿ. ಏನೂ ಇಲ್ಲದಿದ್ದರೆ ಕನಿಷ್ಠ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ: ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಮರಣವಾದರೆ 2 ಲಕ್ಷ.

ಅಪಘಾತವಾದರೆ ಗಾಯಾಳುಗಳಿಗೆ 108, ಪೊಲೀಸರಿಗೆ 112. ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸುವುದು ಕಾನೂನು. ಬಾಡಿಗೆಯವರಿಗೆ ಕೂಡಲೇ ಫೋನ್ ಮಾಡಿ, ಅದೇ ವಿಷಯ ಮೆಸೇಜಿನಲ್ಲೂ ಹಾಕಿ. ಸ್ಥಳದಲ್ಲೇ "ತಪ್ಪು ನನ್ನದು, ಇಷ್ಟು ಕೊಡುತ್ತೇನೆ" ಅಂತ ಬರೆದುಕೊಡಬೇಡಿ. ವಿಮಾ ಕಂಪನಿಯ ಒಪ್ಪಿಗೆ ಇಲ್ಲದೆ ಹಾಗೆ ಒಪ್ಪಿಕೊಳ್ಳುವುದು ಪಾಲಿಸಿ ಷರತ್ತಿಗೆ ವಿರುದ್ಧ. ವಿಮೆಯ ಪರವಾಗಿ ಸರ್ವೇಯರ್ ಬಂದು ಹಾನಿ ಸರ್ವೇ ಮಾಡುವ ಮೊದಲು ಊರ ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡಿಸಬೇಡಿ. ಅಗ್ರಿಮೆಂಟಿನಲ್ಲಿ ಹೆಸರಿಲ್ಲದವರ ಕೈಗೆ ಸ್ಟಿಯರಿಂಗ್ ಕೊಡಬೇಡಿ. ವಾಪಸ್ ಕೊಡುವುದು ತಡವಾಗುವಂತಿದ್ದರೆ ಅವಧಿ ಮುಗಿಯುವ ಮೊದಲೇ ಮುಂದುವರಿಸಿದ್ದಕ್ಕೆ ಮೆಸೇಜ್ ತರಿಸಿಕೊಳ್ಳಿ.

ವಿರಾಜಪೇಟೆ_ಗ್ರಾಹಕ

ಡಿಪಾಸಿಟ್ ವಿಷಯ ಯಾರೂ ಹೇಳಲಿಲ್ಲ. ಕಾರು ತಗೊಳ್ಳುವಾಗ ನಾಲ್ಕೂ ಬದಿ, ರಿಮ್, ಮುಂದಿನ ಗಾಜಿನ ಸಣ್ಣ ಕಲೆ, ಬಂಪರಿನ ಅಡಿಭಾಗ, ಸ್ಟೆಪ್ನಿ, ಜಾಕ್, ಓಡಿದ ಕಿಲೋಮೀಟರ್ ಎಲ್ಲ ಬರುವ ಹಾಗೆ ವಿಡಿಯೋ ಮಾಡಿ, ಅಲ್ಲಿಂದ ಹೊರಡುವ ಮುಂಚೆ ಅವರ ವಾಟ್ಸಾಪಿಗೇ ಕಳಿಸಿ. ಸಮಯ ಅಲ್ಲೇ ದಾಖಲಾಗುತ್ತದೆ. ವಾಪಸ್ ಕೊಡುವಾಗಲೂ ಹಾಗೇ ಮಾಡಿ.

ಹಾನಿ ಅಂತ ದುಡ್ಡು ಹಿಡಿದರೆ ಗ್ಯಾರೇಜಿನ ಜಿಎಸ್‌ಟಿ ಬಿಲ್, ಸರ್ವೇಯರ್ ವರದಿ, ಕ್ಲೇಮು ಇತ್ಯರ್ಥದ ಪತ್ರ ಮೂರನ್ನೂ ಕೇಳಿ. ವಿಮೆಯಿಂದ ಬಂದ ದುಡ್ಡನ್ನೇ ನಿಮ್ಮಿಂದ ಇನ್ನೊಮ್ಮೆ ತಗೊಳ್ಳುವುದು ನ್ಯಾಯವಲ್ಲ. ಕೊಡದಿದ್ದರೆ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ ಇದೆ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದಾದ್ದರಿಂದ ಕಾರು ಮೈಸೂರಿನದಾದರೂ ನೀವು ಅಲ್ಲಿಗೆ ಓಡಾಡಬೇಕಿಲ್ಲ. ಕೊಟ್ಟ ಬಾಡಿಗೆ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ.