ಮೈಕ್ರೋಸಾಫ್ಟ್ ಷೇರು ಈ ಬೆಲೆಗೆ ಕೊಳ್ಳಬಹುದಾ? 8 ಲಕ್ಷ, 10 ವರ್ಷ

ಮೂಡಿಗೆರೆ_ರೊಬಸ್ಟಾ:
ಈ ಸಲದ ಕಾಫಿ ದುಡ್ಡಿನಲ್ಲಿ ಸಾಲದ ಕಂತು, ಗೊಬ್ಬರ, ಮುಂದಿನ ಕುಯ್ಲಿನ ತನಕದ ಬಟವಾಡೆ ಎಲ್ಲ ತೆಗೆದಿಟ್ಟ ಮೇಲೆ 8 ಲಕ್ಷ ಉಳಿಯುತ್ತೆ. 10 ವರ್ಷ ಮುಟ್ಟುವ ಅಗತ್ಯ ಇಲ್ಲ. ಪೂರ್ತಿ ಮೈಕ್ರೋಸಾಫ್ಟ್‌ಗೆ ಹಾಕುವ ಯೋಚನೆ. ಕ್ಯೂರಿಂಗ್ ವರ್ಕ್ಸಿನ (ಕಾಫಿ ಸಿಪ್ಪೆ ತೆಗೆದು ಬೀಜ ಮಾಡಿಕೊಡುವ ಕಡೆ) ಬಿಲ್ಲಿಂದ ಹಿಡಿದು ಆಡಿಟರ್ ಆಫೀಸಿನ ತನಕ ಎಲ್ಲಿ ನೋಡಿದರೂ ವಿಂಡೋಸ್, ಎಕ್ಸೆಲ್. ಅದನ್ನು ಬಿಟ್ಟು ಯಾರೂ ಹೋಗಲ್ಲ ಅನ್ನಿಸುತ್ತೆ. ಬೆಲೆ ಷೇರಿಗೆ 500 ಡಾಲರ್ ಅಂತ ಇಟ್ಟುಕೊಂಡು ಹೇಳಿ: ಕೊಳ್ಳಬಹುದಾ? ಕೊಳ್ಳುವುದಾದರೆ ಇಲ್ಲಿಂದ ಹೇಗೆ? ನಾನು ಚೆರಿಯನ್ನೇ (ಕ್ಯೂರಿಂಗ್ ಮಾಡಿಸದ ಕಾಫಿ ಹಣ್ಣು) ಮಾರುವುದು, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವುದಿಲ್ಲ.

ಲೆಕ್ಕದ_ಪುಸ್ತಕ (ಹಾಸನ):
ಕಂಪನಿ ಗಟ್ಟಿ ಅನ್ನುವುದರಲ್ಲಿ ತಕರಾರಿಲ್ಲ. 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ಅವರ ಆದಾಯ 281.7 ಶತಕೋಟಿ ಡಾಲರ್, ನಿವ್ವಳ ಲಾಭ 101.8 ಶತಕೋಟಿ. ಅಂದರೆ 100 ಡಾಲರ್ ವ್ಯಾಪಾರಕ್ಕೆ 36 ಡಾಲರ್ ಲಾಭ. ನೀವು ಹೇಳಿದ ವಿಂಡೋಸ್ ಈಗ ಮುಖ್ಯ ಅಲ್ಲ. ದುಡ್ಡು ಬರುವುದು ಕಂಪನಿಗಳು ತಿಂಗಳು ತಿಂಗಳು ಕಟ್ಟುವ ಆಫೀಸ್ ಚಂದಾ ಮತ್ತು ಅಜೂರ್ ಕ್ಲೌಡ್‌ನಿಂದ (ಬೇರೆ ಕಂಪನಿಗಳಿಗೆ ತಮ್ಮ ಕಂಪ್ಯೂಟರ್‌ಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆ ಕೊಡುವುದು). ಅಜೂರ್ ಒಂದೇ ಆ ವರ್ಷ 75 ಶತಕೋಟಿ ದಾಟಿತು.

ಆದರೆ ಒಳ್ಳೆ ಕಂಪನಿಯನ್ನು ತಪ್ಪು ಬೆಲೆಗೆ ಕೊಂಡರೆ ಏನಾಗುತ್ತೆ ಅನ್ನುವುದಕ್ಕೆ ಇದೇ ಕಂಪನಿ ಸಾಕ್ಷಿ. 1999ರ ಡಿಸೆಂಬರ್‌ನಲ್ಲಿ ಷೇರು (ಆಮೇಲೆ ಒಂದು ಷೇರನ್ನು ಎರಡು ಮಾಡಿದ್ದರ ಲೆಕ್ಕ ಹಿಡಿದು) 59 ಡಾಲರ್ ಆಸುಪಾಸಿನಲ್ಲಿತ್ತು, ವಾರ್ಷಿಕ ಲಾಭದ 70 ಪಟ್ಟಿಗೂ ಹೆಚ್ಚು. 2000ದಲ್ಲಿ ಲಾಭ 9.4 ಶತಕೋಟಿ, 2011ರಲ್ಲಿ 23.1 ಶತಕೋಟಿ. ಲಾಭ ಎರಡೂವರೆ ಪಟ್ಟಾಯಿತು, ಷೇರು ಮಾತ್ರ 26 ಡಾಲರ್ ಹತ್ತಿರ ಬಿದ್ದುಕೊಂಡಿತ್ತು. ಹಳೆ ಬೆಲೆ ಮುಟ್ಟಲು 2016 ಬರಬೇಕಾಯಿತು. ಆ 11 ವರ್ಷದಲ್ಲಿ ವಿಂಡೋಸನ್ನು ಯಾರೂ ಬಿಟ್ಟಿರಲಿಲ್ಲ. ‘ಎಲ್ಲರೂ ಬಳಸುತ್ತಾರೆ’ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ, ಅದು ಬೆಲೆಯೊಳಗೆ ಆಗಲೇ ಸೇರಿರುತ್ತೆ.

ಈಗ ನಿಮ್ಮ 500 ಡಾಲರ್. 2025ರ ಜೂನ್ ವರ್ಷದಲ್ಲಿ ಷೇರಿಗೆ ಗಳಿಕೆ 13.64 ಡಾಲರ್. ಭಾಗಿಸಿದರೆ ಬೆಲೆ ಗಳಿಕೆಯ 36 ಪಟ್ಟಿಗೂ ಮೇಲೆ. ಈ ಗಳಿಕೆ ವರ್ಷಕ್ಕೆ 12% ಬೆಳೆದರೆ 10 ವರ್ಷಕ್ಕೆ 42.36 ಡಾಲರ್ ಆಗುತ್ತೆ. ಆಗ ಮಾರುಕಟ್ಟೆ 36 ಪಟ್ಟು ಕೊಡುತ್ತೆ ಅಂತ ನಂಬಬೇಡಿ, 22 ಪಟ್ಟು ಹಿಡಿಯಿರಿ: ಷೇರು 932 ಡಾಲರ್. 500 ಡಾಲರ್ 932 ಆಗುವುದು ವರ್ಷಕ್ಕೆ 6.4% ಮಾತ್ರ. ಬೆಳವಣಿಗೆ 15% ಆದರೆ ಇದೇ ಲೆಕ್ಕಕ್ಕೆ 9.3%. ಅದೇ 12% ಬೆಳವಣಿಗೆಯಲ್ಲೇ 400 ಡಾಲರ್‌ಗೆ ಕೊಂಡಿದ್ದರೆ 8.8%. ಡಿವಿಡೆಂಡ್ 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದಂತೆ ತ್ರೈಮಾಸಿಕಕ್ಕೆ 91 ಸೆಂಟ್, ಅಂದರೆ ವರ್ಷಕ್ಕೆ 0.7% ಚಿಲ್ಲರೆ. ಅದರ ಮೇಲೆ ಆಸೆ ಇಡಬೇಡಿ.

ಇನ್ನೊಂದು ವಿಷಯ ಲಾಭದ ಸಾಲಿನಲ್ಲಿ ಕಾಣುವುದಿಲ್ಲ, ನಗದು ಹರಿವಿನ ಪುಟದಲ್ಲಿ ಕಾಣುತ್ತೆ. ಡೇಟಾ ಸೆಂಟರ್, ಸರ್ವರ್‌ಗಳಿಗೆ ನಗದಾಗಿ ಹಾಕಿದ ಬಂಡವಾಳ 2020ರಲ್ಲಿ 15.4 ಶತಕೋಟಿ, 2025ರಲ್ಲಿ 64.6 ಶತಕೋಟಿ. ವ್ಯವಹಾರದಿಂದ ಬಂದ ನಗದು 136.2, ಅದರಲ್ಲಿ ಇದನ್ನು ಕಳೆದರೆ ಉಳಿದದ್ದು 71.6. ಹಿಂದಿನ ವರ್ಷ ಹೀಗೆ ಉಳಿದಿದ್ದು 74.1. ಲಾಭ 88ರಿಂದ 102ಕ್ಕೆ ಏರಿದ ವರ್ಷದಲ್ಲೇ ಕೈಗೆ ಉಳಿದ ನಗದು ಇಳಿದಿದೆ! ಈಗ ಕೊಂಡ ಸರ್ವರ್‌ಗಳ ಸವಕಳಿ (ಯಂತ್ರದ ಬೆಲೆಯನ್ನು ಅದರ ಆಯುಸ್ಸಿನ ವರ್ಷಗಳಿಗೆ ಹಂಚಿ ಹಿಡಿಯುವ ಖರ್ಚು) ಮುಂದಿನ ವರ್ಷಗಳ ಲಾಭದಲ್ಲಿ ಕಳೆಯುತ್ತಾ ಹೋಗುತ್ತೆ. ಮೊದಲು ಸರ್ವರ್ ಆಯುಸ್ಸು 4 ವರ್ಷ ಅಂತ ಲೆಕ್ಕ ಹಾಕುತ್ತಿದ್ದರು, 2022ರ ಜುಲೈನಿಂದ 6 ವರ್ಷ ಮಾಡಿದ್ದಾರೆ. ಎಐಗೆ ಹಾಕಿದ ಯಂತ್ರಗಳು ಅಷ್ಟು ವರ್ಷ ಬಾಳದಿದ್ದರೆ ಇವತ್ತಿನ ಲಾಭ ಸ್ವಲ್ಪ ಉಬ್ಬಿದೆ ಅಂತ ಅರ್ಥ.

ನನ್ನ ಅಭಿಪ್ರಾಯ: 500ಕ್ಕೆ ಪೂರ್ತಿ 8 ಲಕ್ಷ ಬೇಡ.

ಬೇಲೂರು_ಆಡಿಟ್:
ಬೆಲೆ ವಿಚಾರ ಮೇಲಿನವರು ಹೇಳಿದ್ದಾರೆ, ನಾನು ಕಾಗದಪತ್ರದ್ದು ಹೇಳ್ತೀನಿ. ನಮ್ಮ ಕಡೆಯವರು ಎಡವುವುದು ಹೆಚ್ಚಾಗಿ ಅಲ್ಲೇ.

ದುಡ್ಡು ಹೋಗುವುದು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ವ್ಯಕ್ತಿಗಳು ವಿದೇಶಕ್ಕೆ ದುಡ್ಡು ಕಳಿಸುವ) ಯೋಜನೆಯಲ್ಲಿ. ಒಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ, ಅದು ನಿಮಗೆ ತೊಂದರೆ ಅಲ್ಲ. ಆದರೆ ಇದು ವ್ಯಕ್ತಿಗಳಿಗೆ ಮಾತ್ರ. ಅವಿಭಕ್ತ ಕುಟುಂಬದ ಖಾತೆ, ಪಾಲುದಾರಿಕೆ ಖಾತೆಯಿಂದ ಕಳಿಸುವ ಹಾಗಿಲ್ಲ. ಇದಕ್ಕೆ ಬ್ಯಾಂಕು ಸಾಲವನ್ನೂ ಕೊಡುವಂತಿಲ್ಲ, ಹಾಗಾಗಿ ಬೆಳೆ ಸಾಲದ ದುಡ್ಡು ತಿರುಗಿಸುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ವಿದೇಶಿ ವಿನಿಮಯದ ಪರವಾನಗಿ ಇರುವ ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಖಾತೆ ಬೇಕು. ಖಾತೆಗೆ ಒಂದು ವರ್ಷ ಆಗಿಲ್ಲದಿದ್ದರೆ ಹಳೇ ಬ್ಯಾಂಕಿನ ಸ್ಟೇಟ್‌ಮೆಂಟ್ ಕೇಳುತ್ತಾರೆ. ವಿದೇಶಕ್ಕೆ ದುಡ್ಡು ಕಳಿಸುವ ಎ2 ಫಾರ್ಮ್ ತುಂಬಿ, ಅಮೆರಿಕದ ಷೇರು ಕೊಡಿಸುವ ಬ್ರೋಕರ್ ಹತ್ತಿರದ ನಿಮ್ಮ ಖಾತೆಗೆ ಕಳಿಸುವುದು. ಕಳಿಸಿದ ಡಾಲರ್ ಹೂಡದೆ ಸುಮ್ಮನೆ ಇಟ್ಟರೆ 180 ದಿನದೊಳಗೆ ವಾಪಸ್ ತರಬೇಕು. ‘ಕಳಿಸಿಟ್ಟು, ಬೆಲೆ ಇಳಿಯಲಿ ಅಂತ ಕಾಯ್ತೀನಿ’ ಅನ್ನುವವರು ಇದನ್ನು ಮರೆಯುತ್ತಾರೆ.

ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ): 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದ ತನಕ ಇಲ್ಲ, ಮೇಲಿನದ್ದಕ್ಕೆ 20%. ಅದೇ ಪ್ಯಾನ್‌ನಲ್ಲಿ ಬೇರೆ ಕಾರಣಕ್ಕೆ ಕಳಿಸಿದ್ದೂ ಆ 10 ಲಕ್ಷದೊಳಗೆ ಸೇರುತ್ತೆ. ಬ್ಯಾಂಕಿನ ಡಾಲರ್ ದರವನ್ನು ಅವತ್ತಿನ ಮಾರುಕಟ್ಟೆ ದರದ ಪಕ್ಕ ಇಟ್ಟು ನೋಡಿ. ಒಂದೂವರೆ ಪರ್ಸೆಂಟ್ ವ್ಯತ್ಯಾಸ ಅಂದರೂ 8 ಲಕ್ಷಕ್ಕೆ 12,000 ರೂ. ಹೋಯಿತು. ಕೇಳಿದರೆ ಕೆಲವು ಶಾಖೆ ಇಳಿಸುತ್ತಾರೆ.

ಬ್ರೋಕರ್ ಹತ್ತಿರ ಡಬ್ಲ್ಯು-8ಬಿಇಎನ್ ಫಾರ್ಮ್‌ಗೆ (ನೀವು ಅಮೆರಿಕದವರಲ್ಲ ಅನ್ನುವ ಘೋಷಣೆ) ಸಹಿ ಹಾಕಿ. ಹಾಕಿದರೆ ಡಿವಿಡೆಂಡ್ ಮೇಲೆ ಅಮೆರಿಕದ ತೆರಿಗೆ 25%, ಇಲ್ಲದಿದ್ದರೆ 30%. ಷೇರು 24 ತಿಂಗಳಿಗಿಂತ ಹೆಚ್ಚು ಇಟ್ಟು ಮಾರಿದರೆ ಇಲ್ಲಿ ಲಾಭಕ್ಕೆ 12.5%, ಅದಕ್ಕೂ ಮುಂಚೆ ಮಾರಿದರೆ ನಿಮ್ಮ ಸ್ಲ್ಯಾಬ್ ಪ್ರಕಾರ.

ಈಗ ಮುಖ್ಯವಾದದ್ದು. ಚೆರಿ ಮಾರಿದ್ದು ಪೂರ್ತಿ ಕೃಷಿ ಆದಾಯ, ರಿಟರ್ನ್ ಬೇಕಿರಲಿಲ್ಲ, ಸರಿ. ಆದರೆ ಒಂದೇ ಒಂದು ವಿದೇಶಿ ಷೇರು ನಿಮ್ಮ ಹೆಸರಿಗೆ ಬಂದರೂ ಆದಾಯ ಸೊನ್ನೆ ಇದ್ದರೂ ರಿಟರ್ನ್ ಕಡ್ಡಾಯ. ಸರಳವಾದ ಐಟಿಆರ್-1 ನಡೆಯಲ್ಲ, ಐಟಿಆರ್-2 ಬೇಕು. (ಕ್ಯೂರಿಂಗ್ ಮಾಡಿಸಿ ಮಾರುವವರಾದರೆ ಲಾಭದ 25% ಬಿಸಿನೆಸ್ ಆದಾಯ ಅಂತ ಲೆಕ್ಕ, ಅವರಿಗೆ ಐಟಿಆರ್-3.) ರಿಟರ್ನಿನ ಎಫ್‌ಎ (ವಿದೇಶಿ ಆಸ್ತಿ) ಪಟ್ಟಿಯಲ್ಲಿ ಷೇರಿನ ಆರಂಭದ, ಗರಿಷ್ಠ ಮತ್ತು ಕೊನೆಯ ಮೌಲ್ಯವನ್ನು ರೂಪಾಯಿಯಲ್ಲಿ ಬರೆಯಬೇಕು. ಅಲ್ಲಿ ಲೆಕ್ಕ ಜನವರಿಯಿಂದ ಡಿಸೆಂಬರ್. ಫೆಬ್ರವರಿಯಲ್ಲಿ ಕೊಂಡದ್ದು ಆ ಮಾರ್ಚ್‌ಗೆ ಮುಗಿಯುವ ವರ್ಷದ ಪಟ್ಟಿಗೆ ಬರಲ್ಲ, ಮುಂದಿನದಕ್ಕೆ ಬರುತ್ತೆ. ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಲ್ಲಿ ದಂಡ 10 ಲಕ್ಷ. 2024ರ ಅಕ್ಟೋಬರ್‌ನಿಂದ ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದ ಒಳಗಿದ್ದರೆ ಆ ದಂಡ ಇಲ್ಲ, ಆದರೆ ತೋರಿಸುವ ಜವಾಬ್ದಾರಿ ಹೋಗಿಲ್ಲ.

ಮೂಡಿಗೆರೆ_ರೊಬಸ್ಟಾ:
ಇಷ್ಟು ವಿವರಕ್ಕೆ ತುಂಬ ಥ್ಯಾಂಕ್ಸ್ ಸರ್. ಖಾತೆ ನನ್ನ ಹೆಸರಲ್ಲೇ ಇದೆ. ರೂಪಾಯಿ ಬಿದ್ದರೆ ಡಾಲರ್ ಷೇರು ಲಾಭ ಅಲ್ಲವಾ? ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹೇಮಾವತಿ_ದಂಡೆ (ಸಕಲೇಶಪುರ):
ಹಿಡಿಯಬಹುದು ಅಣ್ಣ. 2015ರಲ್ಲಿ ಡಾಲರ್ 64 ರೂ. ಆಸುಪಾಸು, 2025ರ ಮಧ್ಯದಲ್ಲಿ 86. ವರ್ಷಕ್ಕೆ ಸುಮಾರು 3%. ಮೇಲಿನ 6.4%ಗೆ ಇದನ್ನು ಸೇರಿಸಿದರೆ ಒಂಬತ್ತೂವರೆ ಹತ್ತಿರ ಬರುತ್ತೆ, ಎಫ್‌ಡಿಗಿಂತ ಮೇಲೆ.

ಆದರೆ ಕಾಫಿ ಬೆಳೆಗಾರರಿಗೆ ಈ ವಾದ ಪೇಟೆಯ ಸಂಬಳದಾರರಿಗೆ ಹೊಂದುವಷ್ಟು ಹೊಂದುವುದಿಲ್ಲ. ರೊಬಸ್ಟಾ ಬೆಲೆ ಲಂಡನ್‌ನಲ್ಲಿ, ಅರೇಬಿಕಾ ನ್ಯೂಯಾರ್ಕ್‌ನಲ್ಲಿ, ಎರಡೂ ಡಾಲರ್ ಲೆಕ್ಕದಲ್ಲೇ ನಿಲ್ಲುವುದು. ರೂಪಾಯಿ ಇಳಿದಾಗ ನಿಮ್ಮ ಮೂಟೆಗೆ ಆಗಲೇ ಜಾಸ್ತಿ ಸಿಗುತ್ತೆ. ನಿಮ್ಮ ಆದಾಯ ಆಗಲೇ ಡಾಲರ್ ಜೊತೆ ಏರಿಳಿಯುತ್ತೆ, ಖರ್ಚು ಪೂರ್ತಿ ರೂಪಾಯಿಯದ್ದು. ಲಂಡನ್ ಬೆಲೆ ಕುಸಿದು, ಮಾರ್ಚ್‌ನಲ್ಲಿ ಹೂಮಳೆಯೂ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಡೀಸೆಲ್‌ಗೆ ಬೇಕಾಗುವುದು ಇಲ್ಲಿನ ದುಡ್ಡು. ಅಮೆರಿಕದ ಷೇರು ಮಾರಿ ಖಾತೆಗೆ ಬರಲು ಕೆಲವು ದಿನ ಹಿಡಿಯುತ್ತೆ, ವಿನಿಮಯದ ವ್ಯತ್ಯಾಸ ಎರಡನೇ ಸಲ ತೆರಬೇಕು, ಅವತ್ತೇ ಷೇರೂ ಬಿದ್ದಿರಬಹುದು. ಆದ್ದರಿಂದ ಒಂದು ವರ್ಷದ ತೋಟದ ಖರ್ಚು ಎಫ್‌ಡಿಯಲ್ಲಿ ಬೇರೆಯಾಗಿ ಇದೆಯಾ ನೋಡಿ. ಈ 8 ಲಕ್ಷವೇ ಆ ದುಡ್ಡಾದರೆ ಷೇರಿನ ಮಾತೇ ಬೇಡ.

ಎಫ್‌ಎ ಪಟ್ಟಿಯ ತಲೆನೋವು ಬೇಡ ಅಂದರೆ ನಮ್ಮ ಎನ್‌ಎಸ್‌ಇಯಲ್ಲೇ ನಾಸ್‌ಡಾಕ್ 100 ಇಟಿಎಫ್ (ಅಮೆರಿಕದ 100 ದೊಡ್ಡ ಕಂಪನಿಗಳಲ್ಲಿ ಹೂಡುವ, ಷೇರಿನ ಹಾಗೇ ಕೊಳ್ಳುವ ಫಂಡ್) ಇದೆ, ಅದರಲ್ಲಿ ಮೈಕ್ರೋಸಾಫ್ಟ್ ದೊಡ್ಡ ಪಾಲು. ಒಂದು ಎಚ್ಚರ: ವಿದೇಶಿ ಹೂಡಿಕೆಗೆ ಫಂಡ್‌ಗಳ ಮೇಲೆ ಒಟ್ಟಾರೆ ಮಿತಿ ಇರುವುದರಿಂದ ಹೊಸ ಯೂನಿಟ್ ಬರುವುದು ನಿಲ್ಲುತ್ತೆ, ಆಗ ಇಟಿಎಫ್ ತನ್ನ ನಿಜ ಮೌಲ್ಯಕ್ಕಿಂತ ಮೇಲೆ ಮಾರಾಟವಾಗುತ್ತೆ. ಐ-ಎನ್‌ಎವಿ (ಆ ಹೊತ್ತಿನ ನಿಜ ಮೌಲ್ಯ) ನೋಡದೆ ಆರ್ಡರ್ ಹಾಕಬೇಡಿ. ಶೇಕಡಾ 2ಕ್ಕಿಂತ ಜಾಸ್ತಿ ಅಂತರ ಇದ್ದರೆ ಬಿಟ್ಟುಬಿಡಿ.

ಲೆಕ್ಕದ_ಪುಸ್ತಕ (ಹಾಸನ):
ಕಾಫಿಯ ಡಾಲರ್ ಮಾತು ಬಹಳ ಸರಿ. ನೇರವಾಗಿ ಕೊಳ್ಳಲೇಬೇಕು ಅಂತಿದ್ದರೆ ಹೀಗೆ ಮಾಡಿ: ಮೊದಲ ಕಂತು 2 ಲಕ್ಷ, ಸುಮಾರು 4 ಷೇರು. ಉಳಿದ 6 ಲಕ್ಷ ಇಲ್ಲೇ ಎಫ್‌ಡಿಯಲ್ಲಿರಲಿ, ಡಾಲರ್ ಮಾಡಬೇಡಿ, 180 ದಿನದ ರಗಳೆ ಇರಲ್ಲ. ಜುಲೈ ಕೊನೆಗೆ ಅವರ ವಾರ್ಷಿಕ ಫಲಿತಾಂಶ ಬರುತ್ತೆ. ಅದರಲ್ಲಿ ಎರಡೇ ಸಾಲು ನೋಡಿ: ಷೇರಿನ ಗಳಿಕೆ ಎಷ್ಟು, ಬಂಡವಾಳ ಕಳೆದು ಉಳಿದ ನಗದು 71.6ರಿಂದ ಮೇಲೆ ಹೋಯಿತಾ. ಬೆಲೆ ಹೊಸ ಗಳಿಕೆಯ 30 ಪಟ್ಟಿನೊಳಗೆ ಬಂದರೆ (13.64ರ ಲೆಕ್ಕಕ್ಕೆ ಅದು 409 ಡಾಲರ್) ಮುಂದಿನ ಕಂತು ಹಾಕಿ. ನಗದು ಎರಡು ವರ್ಷ ಸತತ ಇಳಿದು, ಅಜೂರ್ ಬೆಳವಣಿಗೆಯೂ ಕುಗ್ಗಿದರೆ ಹೊಸದಾಗಿ ಹಾಕುವುದನ್ನು ನಿಲ್ಲಿಸಿ.