ಜೀವಕೋಶದ ಇಂಟರ್‌ಫೇಸ್‌ಗೆ (interphase) ‘ವಿಶ್ರಾಂತಿ ಹಂತ’ ಸರಿಯೇ? ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ. ನಾನು ಪಿಯುಸಿ ಮೊದಲ ವರ್ಷಕ್ಕೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಕನ್ನಡದಲ್ಲೇ ಟಿಪ್ಪಣಿ ಬರೆದುಕೊಡುತ್ತೇನೆ. ಅದರಲ್ಲಿ ಒಂದು ಪದ ನನ್ನನ್ನು ಕಾಡುತ್ತಿದೆ. ಕೋಶ ಒಮ್ಮೆ ಒಡೆದು ಎರಡಾದ ಮೇಲೆ, ಮತ್ತೆ ಒಡೆಯುವ ತನಕ ಇರುವ ಹೊತ್ತು, ಅಂದರೆ ಇಂಟರ್‌ಫೇಸ್. ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ನಾನು ಇಷ್ಟು ವರ್ಷ ‘ವಿಶ್ರಾಂತಿ ಹಂತ’ ಎಂದೇ ಬರೆಯುತ್ತಿದ್ದೆ. ನನಗೂ ಹಾಗೇ ಹೇಳಿಕೊಟ್ಟಿದ್ದರು. ಹೋದ ತಿಂಗಳು ಈರುಳ್ಳಿ ಬೇರಿನ ಪ್ರಯೋಗ ಮಾಡಿಸಿದೆ. ನೀರಿನ ಲೋಟದ ಬಾಯಿಗೆ ಈರುಳ್ಳಿ ಕೂರಿಸಿದರೆ ಮೂರ್ನಾಲ್ಕು ದಿನದಲ್ಲಿ ಬಿಳಿ ಬೇರು ಇಳಿಯುತ್ತವೆ. ತುದಿಯ ಒಂದೆರಡು ಮಿಲಿಮೀಟರ್ ಕತ್ತರಿಸಿ, ಆಸಿಡ್‌ನಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಸ್ವಲ್ಪ ಜಾರಿದರೂ ಕೋಶಗಳು ಸುರುಳಿ ಸುತ್ತಿಕೊಂಡು ಹಾಳಾಗುತ್ತವೆ. ಒಬ್ಬ ಹುಡುಗಿಯ ಸ್ಲೈಡ್ ತುಂಬ ಚೆನ್ನಾಗಿ ಬಂತು. ಕೂತು 100 ಕೋಶ ಎಣಿಸಿದಳು. ಕೋಶ ಒಡೆಯುವಾಗ ಕಾಣುವ ವರ್ಣತಂತು (ಕ್ರೋಮೊಸೋಮ್) ಇದ್ದದ್ದು 11ರಲ್ಲಿ ಮಾತ್ರ. ಉಳಿದ 89ರಲ್ಲಿ ಬರೀ ಗುಂಡನೆಯ ಕೋಶಕೇಂದ್ರ. ‘ಮೇಡಂ, ಇವೆಲ್ಲ ಸುಮ್ನೆ ಕೂತಿವೆಯಾ? ಹಾಗಾದ್ರೆ ಬೇರು ಇಷ್ಟು ಬೇಗ ಹೇಗೆ ಬೆಳೀತು?’ ಎಂದು ಕೇಳಿದಳು. ಅವಳ ಪ್ರಶ್ನೆ ಸರಿಯಾಗಿತ್ತು. ತಪ್ಪು ನಾನು ಕೊಟ್ಟ ಪದದ್ದು.

ಆ 89 ಕೋಶಗಳು ಸುಮ್ಮನೆ ಕೂತಿಲ್ಲ ಅಂತ ತೋರಿಸಿಕೊಟ್ಟದ್ದೂ ಒಂದು ಗಿಡದ ಬೇರೇ. 1953ರಲ್ಲಿ ಆಲ್ಮಾ ಹೊವರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬ ವಿಜ್ಞಾನಿಗಳು ಲಂಡನ್ನಿನಲ್ಲಿ ಬ್ರಾಡ್ ಬೀನ್ ಬೇರಿಗೆ ವಿಕಿರಣ ಸೂಸುವ ರಂಜಕ (ಫಾಸ್ಫರಸ್) ಕುಡಿಸಿ, ಅದು ಡಿಎನ್‌ಎಯೊಳಗೆ ಯಾವಾಗ ಸೇರುತ್ತದೆ ಅಂತ ನೋಡಿದರು. ಇದು ನಮ್ಮ ಅವರೆಯ ಕುಟುಂಬಕ್ಕೇ ಸೇರಿದ ಗಿಡ. ಡಿಎನ್‌ಎ ನಕಲಾಗುವುದು ವಿಭಜನೆಯ ಹೊತ್ತಿನಲ್ಲಲ್ಲ, ಅದಕ್ಕೆ ಎಷ್ಟೋ ಮುಂಚೆ, ಈ ‘ವಿಶ್ರಾಂತಿ’ಯ ನಡುವೆಯೇ ಅಂತ ಗೊತ್ತಾಯಿತು. ಆ ಹೊತ್ತಿಗೆ ಎಸ್ (ಸಿಂಥೆಸಿಸ್, ಅಂದರೆ ತಯಾರಿಕೆ) ಎಂದು ಹೆಸರಿಟ್ಟರು. ಅದರ ಹಿಂದೆ ಮುಂದೆ ಉಳಿದದ್ದು ಜಿ1, ಜಿ2. ಈ ‘ಜಿ’ ಅಂದರೆ ಗ್ಯಾಪ್. ಬೆಳವಣಿಗೆ ಎಂಬರ್ಥದ ‘ಗ್ರೋತ್’ ಎನ್ನುವ ಇಂಗ್ಲಿಷ್ ಪದದ ಮೊದಲ ಅಕ್ಷರ ಅಂತ ಮಕ್ಕಳು ತಿಳಿದಿರುತ್ತಾರೆ, ಅದಲ್ಲ. ಗ್ಯಾಪ್‌ಗೆ ‘ತೆರಪು’ ಚೆನ್ನಾಗಿ ಒಪ್ಪುತ್ತದೆ ಅನ್ನಿಸುತ್ತದೆ. ಮೊದಲ ತೆರಪು, ಎರಡನೇ ತೆರಪು. ತೆರಪು ಇರುವುದು ಡಿಎನ್‌ಎ ನಕಲಿಗೂ ವಿಭಜನೆಗೂ ನಡುವೆ. ಕೋಶದ ಕೆಲಸಕ್ಕೆ ತೆರಪೇ ಇಲ್ಲ. ಪ್ರೋಟೀನ್ ತಯಾರಾಗುತ್ತಲೇ ಇರುತ್ತದೆ, ಕೋಶ ದೊಡ್ಡದಾಗುತ್ತಲೇ ಇರುತ್ತದೆ.

‘ವಿಶ್ರಾಂತಿ’ ಬೇಡ ಅನ್ನಲು ನನಗೆ ಇನ್ನೂ ದೊಡ್ಡ ಕಾರಣವಿದೆ. ಬೇರಿನ ತುದಿಯಲ್ಲಿ ನಿಜವಾಗಿಯೂ ವಿಶ್ರಾಂತಿಯಲ್ಲಿರುವ ಒಂದು ಪುಟ್ಟ ಜಾಗ ಇದೆ. 1950ರ ದಶಕದಲ್ಲಿ ಕ್ಲೋಸ್ ಎಂಬ ವಿಜ್ಞಾನಿ ಅದನ್ನು ಮೆಕ್ಕೆಜೋಳದ ಬೇರಿನಲ್ಲಿ ಗುರುತಿಸಿದರು. ಅಲ್ಲಿನ ಕೋಶಗಳು ಒಡೆಯುವುದು ತೀರಾ ಅಪರೂಪ. ಸುತ್ತಲಿನ ಕೋಶಗಳೋ ಗಂಟೆಗಳ ಲೆಕ್ಕದಲ್ಲಿ ಒಡೆಯುತ್ತಿರುತ್ತವೆ. ‘ವಿಶ್ರಾಂತಿ’ಯನ್ನು ಇಂಟರ್‌ಫೇಸ್‌ಗೆ ಕೊಟ್ಟುಬಿಟ್ಟರೆ ಈ ಜಾಗವನ್ನು ಏನಂತ ಕರೆಯುವುದು?

ನಾನು ಯೋಚಿಸಿದ ಪದಗಳಲ್ಲಿ ಯಾವುದೂ ಪೂರ್ತಿ ಕೂರುತ್ತಿಲ್ಲ. ‘ಅಂತರಾವಸ್ಥೆ’ ಅರ್ಥಕ್ಕೆ ಸರಿ. ಆದರೆ ವಿಭಜನೆಯ ಕೊನೆಯ ಹಂತ ‘ಅಂತ್ಯಾವಸ್ಥೆ’. ಹಿಂದಿನ ಬೆಂಚಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಪರೀಕ್ಷೆಯಲ್ಲಿ ಅದಲುಬದಲಾಗಿದ್ದನ್ನು ನಾನೇ ತಿದ್ದಿದ್ದೇನೆ. ‘ನಡುಹಂತ’ ಇಷ್ಟವಾಗಿತ್ತು. ಆದರೆ ವಿಭಜನೆಯ ನಡುವಿನ ಒಂದು ಹಂತವಾದ ಮೆಟಾಫೇಸ್‌ಗೆ ಆಗಲೇ ‘ಮಧ್ಯಾವಸ್ಥೆ’ ಇದೆ. ನಡು ಅಂದರೂ ಮಧ್ಯ ಅಂದರೂ ಒಂದೇ ಅಲ್ವಾ? ‘ತಯಾರಿ ಹಂತ’ ಅಂದರೆ ಕೋಶ ಬದುಕಿರುವುದೇ ಒಡೆಯುವುದಕ್ಕಾಗಿ ಎಂಬ ಅರ್ಥ ಬರುತ್ತದೆ.

ಅದೇ ಹುಡುಗಿಗೆ ಇಷ್ಟೆಲ್ಲ ವಿವರಿಸಿದಾಗ ಅವಳು, ‘ಕೋಳಿ ಕಾವಿಗೆ ಕೂತಂಗಾ, ಮೇಡಂ?’ ಎಂದಳು. ನನಗೆ ರೋಮಾಂಚನವಾಯಿತು. ಹೊರಗಿನಿಂದ ನೋಡಿದರೆ ಅಲುಗಾಡದೆ ಕೂತಿದೆ, ಒಳಗೆ ಕೆಲಸ ನಡೆಯುತ್ತಲೇ ಇದೆ. ‘ಕಾವುಹಂತ’ ಎನ್ನೋಣವೇ? ಮೊಟ್ಟೆಯ ಮಾತು ಬೇರಿಗೆ ಹೊಂದುತ್ತದೆಯೇ ಎಂಬ ಅನುಮಾನ ನನಗೂ ಇದೆ. ಮೊಳಕೆ ಕಟ್ಟುವುದು, ಹಿಟ್ಟು ಹುದುಗು ಬರುವುದು, ಹೀಗೆ ಕಣ್ಣಿಗೆ ಕಾಣದೆ ಒಳಗೇ ನಡೆಯುವ ಕೆಲಸಕ್ಕೆ ನಿಮ್ಮ ಕಡೆ ಹೊಲದಲ್ಲಿ, ಅಡುಗೆಮನೆಯಲ್ಲಿ, ಮಗ್ಗದ ಮನೆಯಲ್ಲಿ ಬೇರೆ ಮಾತು ಬಳಸುತ್ತಾರೆಯೇ? ಹಳೆಯ ಪಠ್ಯಗಳಲ್ಲಿ ಬೇರೆ ಪದ ನೋಡಿದವರೂ ದಯವಿಟ್ಟು ತಿಳಿಸಿ. ಸೋಮವಾರ ಮತ್ತೆ ಈರುಳ್ಳಿ ಕೂರಿಸುತ್ತೇವೆ. ಆ ವಾರ ಮಕ್ಕಳು ಚಿತ್ರ ಬರೆದು ಹೆಸರು ಗುರುತಿಸಬೇಕು.